ಗೇರ್ ಹಾಕಿದರೆ ಟಡಕ್ ಅನ್ನುತ್ತದೆ: ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನನ್ನದು 150 ಸಿಸಿ ಬೈಕ್. ನಾಲ್ಕು ವರ್ಷ ಆಗಿದೆ, 34,000 ಕಿ.ಮೀ. ಓಡಿದೆ. ಎರಡು ತಿಂಗಳಿಂದ ಗೇರ್ ಬದಲಿಸುವುದು ಒರಟಾಗಿದೆ. ಮೊದಲ ಗೇರ್ ಹಾಕಿದರೆ ಜೋರಾಗಿ ಟಡಕ್ ಅನ್ನುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಆಗಾಗ ಕರ್ರ್ ಎಂದು ಸದ್ದು. ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಬೀಳುವುದೇ ಇಲ್ಲ. ಇಂಜಿನ್ ಆಫ್ ಮಾಡಿದರೆ ಮಾತ್ರ ಸಲೀಸಾಗಿ ಬೀಳುತ್ತದೆ. ಕಳೆದ ಸರ್ವಿಸ್‌ನಲ್ಲಿ 10ಡಬ್ಲ್ಯು-30 ಬದಲು 20ಡಬ್ಲ್ಯು-50 ಆಯಿಲ್ ಹಾಕಿಸಿದ್ದೆ, ಚೈನ್ ಕೂಡ ಟೈಟ್ ಮಾಡಿಸಿದ್ದೆ. ಮೆಕ್ಯಾನಿಕ್ ‘ಗೇರ್‌ಬಾಕ್ಸ್ ಬಿಚ್ಚಬೇಕು’ ಎನ್ನುತ್ತಿದ್ದಾರೆ. ಬಿಚ್ಚಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಇಂಜಿನ್ ಆಫ್ ಮಾಡಿದರೆ ನ್ಯೂಟ್ರಲ್ ಸಲೀಸಾಗಿ ಬೀಳುತ್ತದೆ’ ಅಂದಿರಲ್ಲ, ನನಗೆ ಬೇಕಿದ್ದ ಮಾತು ಅದೇ. ಗೇರ್‌ಬಾಕ್ಸ್ ಒಳಗೆ ಏನಾದರೂ ಮುರಿದಿದ್ದರೆ, ಬಾಗಿದ್ದರೆ, ಇಂಜಿನ್ ಆಫ್ ಮಾಡಿದ ತಕ್ಷಣ ಅದು ಸರಿಹೋಗುತ್ತದೆಯೇ? ಇಲ್ಲ ಅಲ್ವಾ. ಇಂಜಿನ್ ಓಡುತ್ತಿರುವಾಗ ಮಾತ್ರ ಕಾಡುವ ತೊಂದರೆ ಇದು. ಅಂದರೆ ಕ್ಲಚ್ ಒತ್ತಿದ ಮೇಲೂ ಇಂಜಿನ್ನಿನ ಶಕ್ತಿ ಸ್ವಲ್ಪ ಗೇರ್‌ಬಾಕ್ಸ್‌ಗೆ ಸೋರುತ್ತಿದೆ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಅಂದರೆ ಲಿವರ್ ಒತ್ತಿದರೂ ಒಳಗಿನ ಕ್ಲಚ್ ಪ್ಲೇಟ್‌ಗಳು ಪೂರ್ತಿ ಬೇರೆಯಾಗುತ್ತಿಲ್ಲ. ಮೆಕ್ಯಾನಿಕ್‌ಗಳು ಇದನ್ನೇ ‘ಕ್ಲಚ್ ಹಿಡಿಯುತ್ತಿದೆ’ ಅಥವಾ ‘ಡ್ರ್ಯಾಗ್ ಆಗುತ್ತಿದೆ’ ಎನ್ನುತ್ತಾರೆ.

ಒಳಗೆ ನಡೆಯುವುದನ್ನು ಸ್ವಲ್ಪ ಹೇಳಿಬಿಡುತ್ತೇನೆ. ಆಮೇಲೆ ಯಾವ ಸದ್ದು ಎಲ್ಲಿಂದ ಎಂದು ನಿಮಗೇ ಹೊಳೆಯುತ್ತದೆ.

ಬೈಕಿನ ಗೇರ್‌ಬಾಕ್ಸ್‌ನಲ್ಲಿ ಗೇರ್‌ಗಳ ಹಲ್ಲುಗಳು ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ನಾವು ಗೇರ್ ಲಿವರ್ ಒತ್ತಿದಾಗ ಆ ಹಲ್ಲುಗಳು ಹೊಸದಾಗಿ ಸೇರುವುದಿಲ್ಲ. ಒಂದು ಗೇರ್ ತನ್ನ ಶಾಫ್ಟ್ ಮೇಲೆ ಪಕ್ಕಕ್ಕೆ ಜಾರುತ್ತದೆ. ಅದರ ಪಕ್ಕದಲ್ಲಿ ಮೂರೋ ನಾಲ್ಕೋ ದಪ್ಪ ಉಬ್ಬುಗಳಿರುತ್ತವೆ. ಇವಕ್ಕೆ ಡಾಗ್ ಎಂದು ಹೆಸರು. ಈ ಡಾಗ್‌ಗಳು ಪಕ್ಕದ ಗೇರ್‌ನ ಗುಂಡಿಗಳೊಳಗೆ ಹೋಗಿ ಕೂರುತ್ತವೆ. ಕೂತಾಗ ಕೇಳುವ ‘ಟಕ್’ ಸದ್ದೇ ಗೇರ್ ಬಿದ್ದ ಸದ್ದು. ಕಾರಿನಲ್ಲಿ ಎರಡೂ ಕಡೆಯ ವೇಗವನ್ನು ಸರಿಹೊಂದಿಸಲು ಸಿಂಕ್ರೊನೈಸರ್ ಎಂಬ ಭಾಗ ಇರುತ್ತದೆ. ಬೈಕಿನಲ್ಲಿ ಅದಿಲ್ಲ. ಹಾಗಾಗಿ ಸಣ್ಣ ‘ಟಕ್’ ಬಂದೇ ಬರುತ್ತದೆ. ಅದನ್ನು ಪೂರ್ತಿ ಹೋಗಲಾಡಿಸಲು ಹೊರಟು ಸೋತವರು ಬಹಳ ಮಂದಿ. ಹೋಗಬೇಕಾದ್ದು ‘ಟಡಕ್’ ಮತ್ತು ‘ಕರ್ರ್’.

ಬೈಕ್ ನಿಂತಿದೆ ಎಂದುಕೊಳ್ಳಿ. ಹಿಂದಿನ ಚಕ್ರ ನಿಂತಿದೆ, ಅದಕ್ಕೆ ಜೋಡಿಸಿದ ಶಾಫ್ಟ್ ಕೂಡ ನಿಂತಿದೆ. ಕ್ಲಚ್ ಪೂರ್ತಿ ಬಿಟ್ಟಿದ್ದರೆ ಇಂಜಿನ್ ಕಡೆಯ ಶಾಫ್ಟ್ ಸಹ ಹೆಚ್ಚುಕಡಿಮೆ ನಿಲ್ಲುತ್ತದೆ. ಆಗ ಡಾಗ್ ಮೆತ್ತಗೆ ಒಳಗೆ ಹೋಗುತ್ತದೆ. ಕ್ಲಚ್ ಹಿಡಿಯುತ್ತಿದ್ದರೆ ಆ ಶಾಫ್ಟ್ ತಿರುಗುತ್ತಲೇ ಇರುತ್ತದೆ. ತಿರುಗುವ ಡಾಗ್ ನಿಂತ ಗುಂಡಿಯ ಅಂಚಿಗೆ ಬಡಿಯುತ್ತದೆ. ಟಡಕ್!

ನ್ಯೂಟ್ರಲ್ ಬೀಳದಿರುವುದಕ್ಕೂ ಕಾರಣ ಇದೇ. ಡಾಗ್‌ಗಳ ಅಂಚು ನೇರವಾಗಿರುವುದಿಲ್ಲ. ಓಡುವಾಗ ಗೇರ್ ಕಳಚಿಕೊಳ್ಳಬಾರದು ಎಂದು ಅಂಚನ್ನು ಸ್ವಲ್ಪ ಒಳಮುಖವಾಗಿ ಓರೆ ಮಾಡಿರುತ್ತಾರೆ. ಶಕ್ತಿ ಹರಿಯುತ್ತಿರುವಷ್ಟು ಹೊತ್ತು ಎರಡು ಗೇರ್‌ಗಳೂ ಕೈಬೆರಳು ಹೆಣೆದಂತೆ ಬಿಗಿಯಾಗಿರುತ್ತವೆ. ಕ್ಲಚ್ ಅರೆಬರೆ ಬಿಟ್ಟಾಗ ಆ ಬಿಗಿ ಸಡಿಲವಾಗುವುದಿಲ್ಲ. ನೀವು ಕಾಲಿನಿಂದ ಎಷ್ಟು ಒತ್ತಿದರೂ ಗೇರ್ ಅಲ್ಲಾಡುವುದಿಲ್ಲ. ಜೋರಾಗಿ ಒತ್ತಿದರೆ ನ್ಯೂಟ್ರಲ್ ದಾಟಿ ಎರಡನೆಯದಕ್ಕೆ ಹಾರುತ್ತದೆ. ಇಂಜಿನ್ ಆಫ್ ಆದ ಕೂಡಲೇ ಶಕ್ತಿ ನಿಂತು, ಬಿಗಿ ಬಿಟ್ಟು, ನ್ಯೂಟ್ರಲ್ ತಾನಾಗಿ ಬೀಳುತ್ತದೆ.

ಇನ್ನು ಎರಡರಿಂದ ಮೂರಕ್ಕೆ ಹೋಗುವಾಗಿನ ಕರ್ರ್. ಉದಾಹರಣೆಗೆ ಎರಡನೇ ಗೇರ್‌ನ ಅನುಪಾತ 1.7, ಮೂರನೆಯದು 1.3 ಇದೆ ಎನ್ನೋಣ. ಎರಡರಲ್ಲಿ ಇಂಜಿನ್ 5,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ, ಅದೇ ವೇಗದಲ್ಲಿ ಮೂರಕ್ಕೆ ಸುಮಾರು 3,800 ಸಾಕು. ಆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಇಂಜಿನ್ ಕಡೆಯ ಶಾಫ್ಟ್ ಅಷ್ಟು ನಿಧಾನ ಆಗಬೇಕು. ಕ್ಲಚ್ ಬಿಟ್ಟಿದ್ದರೆ ಆ ಶಾಫ್ಟ್ ಹಗುರ, ಬೇಗ ಹೊಂದಿಕೊಳ್ಳುತ್ತದೆ. ಹಿಡಿದಿದ್ದರೆ ಇಡೀ ಇಂಜಿನ್ನಿನ ತೂಕ ಅದರ ಬೆನ್ನಿಗಿರುತ್ತದೆ. ಆಗ ಡಾಗ್‌ಗಳು ಗುಂಡಿಗೆ ಇಳಿಯದೆ ಅದರ ಬಾಯಿ ಮೇಲೇ ಉಜ್ಜಿಕೊಂಡು ಹೋಗುತ್ತವೆ. ಹೀಗೆ ಉಜ್ಜಿ ಉಜ್ಜಿ ಡಾಗ್‌ನ ಮೂಲೆ ದುಂಡಗಾದರೆ ಮಾತ್ರ ನಿಜವಾಗಿ ಗೇರ್‌ಬಾಕ್ಸ್ ಬಿಚ್ಚಬೇಕಾಗುತ್ತದೆ. ಅದಕ್ಕೇ ಇದನ್ನು ತಿಂಗಳುಗಟ್ಟಲೆ ಹಾಗೇ ಓಡಿಸಬೇಡಿ.

ಈಗ ನನ್ನ ಊಹೆ ಸರಿಯೇ ಎಂದು ನೀವೇ ನೋಡಿಕೊಳ್ಳಬಹುದು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರ ನೆಲ ಮುಟ್ಟಬಾರದು. ಇಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ತಣ್ಣಗಿದ್ದಾಗ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಕ್ಲಚ್ ಪೂರ್ತಿ ಒತ್ತಿ ಮೊದಲ ಗೇರ್ ಹಾಕಿ. ಚಕ್ರ ನಿಧಾನಕ್ಕೆ ತಿರುಗಿದರೆ ಗಾಬರಿ ಬೇಡ. ಪ್ಲೇಟ್‌ಗಳ ನಡುವಿನ ಆಯಿಲ್ ಅಷ್ಟು ಎಳೆದೇ ಎಳೆಯುತ್ತದೆ. ಕ್ಲಚ್ ಒತ್ತಿಕೊಂಡೇ ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ. ಚಕ್ರ ಸುಲಭವಾಗಿ ನಿಂತು, ಇಂಜಿನ್ ಸದ್ದು ಹಾಗೇ ಇದ್ದರೆ ಕ್ಲಚ್ ಸರಿ ಇದೆ. ಬ್ರೇಕ್ ಹಿಡಿದಾಗ ಇಂಜಿನ್ ಕುಗ್ಗಿದರೆ, ಆಫ್ ಆಗುವಂತಾದರೆ, ಕಳ್ಳ ಸಿಕ್ಕಿದ ಹಾಗೆಯೇ. ಕೈಯಲ್ಲೋ ಕಾಲಲ್ಲೋ ಚಕ್ರ ನಿಲ್ಲಿಸಲು ಹೋಗಬೇಡಿ, ಬ್ರೇಕ್ ಇರುವುದು ಅದಕ್ಕೇ.

ಸಿಕ್ಕಿದ ಮೇಲೆ ಮೊದಲು ಕೈ ಹಾಕಬೇಕಾದ್ದು ಕ್ಲಚ್ ಕೇಬಲ್‌ಗೆ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ನಾನು ನೋಡಿದ ಇಂಥ ಬೈಕ್‌ಗಳಲ್ಲಿ ಬಹುಪಾಲು ಇಲ್ಲಿಯೇ ಸರಿಹೋಗಿವೆ.

ಕ್ಲಚ್ ಲಿವರ್ ಒತ್ತಿದಾಗ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿದಿರುವ ಪ್ರೆಶರ್ ಪ್ಲೇಟ್ ಸರಿಯುವುದು ಒಂದೆರಡು ಮಿ.ಮೀ. ಮಾತ್ರ. ಸ್ಟೀಲ್ ಪ್ಲೇಟ್‌ಗಳ ನಡುವೆ ಕೂರುವ, ಹಿಡಿತದ ಪದರವಿರುವ ಫ್ರಿಕ್ಷನ್ ಪ್ಲೇಟ್ ಐದು ಇದ್ದರೆ ಹತ್ತು ಮುಖಗಳಾದವು. ಆ ಒಂದೆರಡು ಮಿ.ಮೀ. ಹತ್ತು ಕಡೆ ಹಂಚಿಹೋದರೆ ಒಂದೊಂದಕ್ಕೆ ಸಿಗುವ ಸಂದು 0.1ರಿಂದ 0.2 ಮಿ.ಮೀ. ಕಾಗದದಷ್ಟು. ಇಷ್ಟು ಬಿಗಿ ಲೆಕ್ಕದಲ್ಲಿ ಕೇಬಲ್ ಸ್ವಲ್ಪ ಸಡಿಲವಾದರೂ ಸಾಕು, ಪ್ಲೇಟ್‌ಗಳು ಒಂದನ್ನೊಂದು ಸವರಲು ಶುರು ಮಾಡುತ್ತವೆ.

ಲಿವರ್‌ನ ತುದಿಯಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿ. ಬಿಗಿ ಸಿಗುವ ಮೊದಲು ಅದು ಸುಮ್ನೆ ಅಲ್ಲಾಡುವ ದೂರಕ್ಕೆ ‘ಪ್ಲೇ’ ಎನ್ನುತ್ತಾರೆ. ಬಹಳಷ್ಟು ಬೈಕ್‌ಗಳಲ್ಲಿ ಇದು 10ರಿಂದ 20 ಮಿ.ಮೀ. ಇರಬೇಕು. ನಿಮ್ಮ ಬೈಕಿನದು ಎಷ್ಟು ಎಂಬುದು ಮ್ಯಾನ್ಯುವಲ್‌ನಲ್ಲಿದೆ. 25–30 ಇದ್ದರೆ ಅಲ್ಲಿಗೆ ಕಾರಣ ಸಿಕ್ಕಿತು. ಸರಿ ಮಾಡುವಾಗ ಲಿವರ್ ಹತ್ತಿರದ ಅಡ್ಜಸ್ಟರನ್ನು ಮೊದಲು ಪೂರ್ತಿ ಒಳಗೆ ತಿರುಗಿಸಿ. ನಂತರ ಇಂಜಿನ್ ಬದಿಯ ನಟ್‌ಗಳಲ್ಲಿ ಹೆಚ್ಚಿನ ಸಡಿಲ ತೆಗೆಯಿರಿ. ಕೊನೆಯ ಒಂದೆರಡು ಮಿ.ಮೀ. ಮಾತ್ರ ಲಿವರ್ ಬಳಿ ಹೊಂದಿಸಿ. ಮೇಲಿನ ಅಡ್ಜಸ್ಟರನ್ನೇ ಹೊರಕ್ಕೆ ತಿರುಗಿಸುತ್ತಾ ಹೋದರೆ ಅದರ ಎಳೆಗಳು ಕಡಿಮೆ ಹಿಡಿದು, ಒಂದು ದಿನ ಕಿತ್ತು ಬರುತ್ತದೆ.

‘ಕ್ಲಚ್ ಬಿಡಲಿ’ ಎಂದು ಪ್ಲೇ ಪೂರ್ತಿ ತೆಗೆದುಬಿಡುವವರಿದ್ದಾರೆ. ಅದು ಇನ್ನೂ ಕೆಟ್ಟದ್ದು. ಕ್ಲಚ್ ಯಾವಾಗಲೂ ಚೂರು ಒತ್ತಿದಂತೆಯೇ ಇದ್ದು, ಪ್ಲೇಟ್ ಜಾರಿ ಸುಟ್ಟುಹೋಗುತ್ತದೆ. ಹೊಂದಿಸಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಿ. ಪ್ಲೇ ಬದಲಾದರೆ ಕೇಬಲ್ ಎಲ್ಲೋ ಎಳೆದುಕೊಳ್ಳುತ್ತಿದೆ. ಒಮ್ಮೆ ನಾನೇ ಈ ತಪ್ಪು ಮಾಡಿ ಅರ್ಧ ದಿನ ಕಳೆದಿದ್ದೆ. ಕ್ಲಚ್ ಕವರ್ ಬಿಚ್ಚಿ, ಪ್ಲೇಟ್ ಅಳೆದು, ಎಲ್ಲ ಸರಿ ಇದೆಯಲ್ಲ ಎಂದು ತಲೆ ಕೆರೆದುಕೊಂಡು ಕೂತಿದ್ದೆ. ಕೊನೆಗೆ ನೋಡಿದರೆ ಟ್ಯಾಂಕ್ ಬಿಚ್ಚಿ ಹಾಕುವಾಗ ಕೇಬಲ್ ಅದರ ಕೆಳಗೆ ಸಿಕ್ಕಿ ಮಡಚಿಕೊಂಡಿತ್ತು. ಟ್ಯಾಂಕ್ ಬಿಚ್ಚಿದ್ದು ಬೇರೆ ಯಾರೂ ಅಲ್ಲ, ನಾನೇ.

ಲಿವರ್ ಕೂರುವ ಬೋಲ್ಟನ್ನೂ ನೋಡಿ. ನಾಲ್ಕು ವರ್ಷದಲ್ಲಿ ಆ ತೂತು ಸವೆದು ಮೊಟ್ಟೆಯಾಕಾರ ಆಗಿರುತ್ತದೆ. ಲಿವರ್ ಮೇಲೆ ಕೆಳಗೆ ಲೊಡಲೊಡ ಅಲ್ಲಾಡಿದರೆ ನಿಮ್ಮ ಕೈ ಎಳೆದಷ್ಟನ್ನು ಕೇಬಲ್ ಎಳೆಯುವುದಿಲ್ಲ. ಕೇಬಲ್ ತುದಿಯಲ್ಲಿ ಒಂದೆರಡು ಎಳೆ ಕಿತ್ತಿದ್ದರೆ ಯೋಚಿಸಬೇಡಿ, ಬದಲಿಸಿ. ನಿಮ್ಮ ಕೇಬಲ್ ಮೂಲದ್ದೇ ಆಗಿದ್ದರೆ 34,000 ಕಿ.ಮೀ.ಗೆ ಅದು ತನ್ನ ಕೆಲಸ ಮುಗಿಸಿದೆ ಎಂದೇ ನನ್ನ ಅಭಿಪ್ರಾಯ. ಹೈಡ್ರಾಲಿಕ್ ಕ್ಲಚ್ ಇರುವವರಿಗೆ ಕೇಬಲ್ ಗೋಜಿಲ್ಲ. ಅವರು ಲೈನ್‌ನಲ್ಲಿ ಗಾಳಿ ಸೇರಿದೆಯೇ, ಫ್ಲೂಯಿಡ್ ಕಪ್ಪಾಗಿದೆಯೇ ನೋಡಬೇಕು.

ಆಯಿಲ್ ವಿಷಯಕ್ಕೆ ಬರೋಣ. ನೀವು ದಪ್ಪ ಆಯಿಲ್ ಹಾಕಿಸಿದ್ದು ಬಹುಶಃ ‘ದಪ್ಪ ಇದ್ದರೆ ಇಂಜಿನ್‌ಗೆ ಒಳ್ಳೆಯದು’ ಎಂದು ಯಾರೋ ಹೇಳಿದ್ದರಿಂದ. ಡಬ್ಲ್ಯು ಜೊತೆಗಿನ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎನ್ನುವುದನ್ನು ಹೇಳುತ್ತದೆ. ಎರಡನೇ ಅಂಕಿ 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಎಷ್ಟು ದಪ್ಪ ಎಂಬುದನ್ನು. 20ಡಬ್ಲ್ಯು-50 ಎರಡು ಲೆಕ್ಕದಲ್ಲೂ 10ಡಬ್ಲ್ಯು-30ಗಿಂತ ದಪ್ಪ. ಕಾಗದದಷ್ಟು ಸಂದಿನಲ್ಲಿ ಅದು ಪ್ಲೇಟ್‌ಗಳನ್ನು ಬೆಲ್ಲದ ಪಾಕದ ಹಾಗೆ ಅಂಟಿಸಿ ಹಿಡಿಯುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಅಂತೂ ಹೇಳುವುದೇ ಬೇಡ. ನಿಮ್ಮ ತೊಂದರೆ ಕಳೆದ ಸರ್ವಿಸ್ ಆದಮೇಲೆ ಶುರುವಾದದ್ದೇ? ಹಾಗಿದ್ದರೆ ಆಯಿಲ್ ಒಂದು ಕಾರಣ ಎಂದು ಧೈರ್ಯವಾಗಿ ಹೇಳುತ್ತೇನೆ. ತಯಾರಕರು ಹೇಳಿದ ದರ್ಜೆಗೇ ಹಿಂತಿರುಗಿ.

ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಎಂದು ಇರಲಿ. ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್‌ಗೆ ಬೇಕಾದ ಹಿಡಿತ ಇದೆ ಎಂಬುದಕ್ಕೆ ಆ ಗುರುತು. ‘ಎಂಬಿ’ ಎಂದಿದ್ದರೆ ಅದು ಜಾರುಗುಣ ಜಾಸ್ತಿ ಇರುವ ಆಯಿಲ್. ಆಯಿಲ್‌ನಲ್ಲಿ ಕ್ಲಚ್ ಮುಳುಗಿರದ ಗೇರ್‌ಲೆಸ್ ಸ್ಕೂಟರ್‌ಗಳಿಗೆ ಸರಿ, ನಿಮಗೆ ಬೇಡ. ಹಾಕಿದರೆ ಕ್ಲಚ್ ಜಾರಬಹುದು. ಜಾರುವುದು ಬೇರೆ, ಹಿಡಿಯುವುದು ಬೇರೆ, ಎರಡನ್ನೂ ಬೆರೆಸಬೇಡಿ. ಜಾರಿದರೆ ಇಂಜಿನ್ ಕೂಗುತ್ತದೆ, ಬೈಕ್ ಓಡುವುದಿಲ್ಲ. ಹಿಡಿದರೆ ಗೇರ್ ಕೂಗುತ್ತದೆ.

ಆಯಿಲ್ ಹಳತಾದರೂ ಗೇರ್ ಒರಟಾಗುತ್ತದೆ. ಬಹುತೇಕ ಬೈಕ್‌ಗಳಲ್ಲಿ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. ಗೇರ್‌ನ ಹಲ್ಲುಗಳು ಆಯಿಲ್‌ನೊಳಗಿನ ಉದ್ದ ಅಣುಗಳನ್ನು ಅರೆದು ತುಂಡು ಮಾಡುತ್ತವೆ. ದಿನಾ ಓಡಿಸುವವರಿಗೆ ಮೀಟರ್ ನೋಡದೆಯೂ ‘ಆಯಿಲ್ ಬದಲಿಸುವ ಹೊತ್ತಾಯಿತು’ ಎಂದು ಕಾಲಿನಲ್ಲೇ ಗೊತ್ತಾಗುವುದು ಇದರಿಂದ. ಮಟ್ಟವನ್ನು ಬೈಕ್ ನೇರವಾಗಿ ನಿಲ್ಲಿಸಿ ನೋಡಬೇಕು, ಸೈಡ್ ಸ್ಟ್ಯಾಂಡ್ ಮೇಲೆ ಅಲ್ಲ.

ಚೈನ್ ಟೈಟ್ ಮಾಡಿಸಿದೆ ಅಂದಿರಿ. ಎಷ್ಟು ಟೈಟ್? ಇಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಎರಡು ಸ್ಪ್ರಾಕೆಟ್‌ಗಳ ನಡುವೆ ಚೈನನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಸಾಮಾನ್ಯ ಬೈಕ್‌ಗಳಲ್ಲಿ 20ರಿಂದ 35 ಮಿ.ಮೀ. ಒಳಗೆ ಎಲ್ಲೋ ಇರುತ್ತದೆ. ಸರಿಯಾದ ಅಂಕಿ ಮ್ಯಾನ್ಯುವಲ್‌ನಲ್ಲಿದೆ, ಎಷ್ಟೋ ಬೈಕ್‌ಗಳಲ್ಲಿ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಿನ ಸ್ಟಿಕರ್‌ನಲ್ಲೂ ಇದೆ. ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾ ನಾಲ್ಕೈದು ಕಡೆ ಅಳೆಯಿರಿ. ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅತಿ ಬಿಗಿ ಇರುವ ಕಡೆಯ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ತುಂಬ ಬಿಗಿಯಾದರೆ ಗೇರ್‌ಬಾಕ್ಸ್‌ನ ಶಾಫ್ಟ್ ಮತ್ತು ಬೇರಿಂಗ್ ಮೇಲೆ ಭಾರ ಬೀಳುತ್ತದೆ. ತುಂಬ ಸಡಿಲವಾದರೆ ಗೇರ್ ಬಿದ್ದ ಪ್ರತಿ ಸಲ ಚೈನ್ ಜಗ್ಗಿ ಟಡಕ್ ಎನ್ನುತ್ತದೆ, ಜನ ಗೇರ್‌ಬಾಕ್ಸನ್ನು ಬೈಯುತ್ತಾರೆ. ಇಂಜಿನ್ ಓಡುತ್ತಿರುವಾಗ ಚೈನ್ ಮುಟ್ಟಬೇಡಿ, ಬಟ್ಟೆಯಿಂದ ಒರೆಸಲೂ ಬೇಡಿ. ಬೆರಳು ಹೋದವರನ್ನು ನೋಡಿದ್ದೇನೆ.

ಹಿಂದಿನ ಸ್ಪ್ರಾಕೆಟ್ ಒಳಗಿನ ರಬ್ಬರ್‌ಗಳೂ ಹೀಗೇ ಮೋಸ ಮಾಡುತ್ತವೆ. ಅವು ಸವೆದರೆ ಎಕ್ಸಲರೇಟರ್ ತಿರುಗಿಸಿದಾಗ, ಬಿಟ್ಟಾಗ ಹಿಂದಿನಿಂದ ‘ಧಡ್’ ಎನ್ನುವ ಏಟು ಕೇಳುತ್ತದೆ.

ಐಡ್ಲಿಂಗ್, ಅಂದರೆ ಎಕ್ಸಲರೇಟರ್ ಕೊಡದಿದ್ದಾಗ ಇಂಜಿನ್ ತಿರುಗುವ ವೇಗವನ್ನೂ ಗಮನಿಸಿ. 1,400 ಆರ್‌ಪಿಎಂ ಇರಬೇಕಾದ್ದು 2,000 ಇದ್ದರೆ ಎಂಥ ಒಳ್ಳೆಯ ಕ್ಲಚ್ ಆದರೂ ಮೊದಲ ಗೇರ್ ಬಡಿದೇ ಬೀಳುತ್ತದೆ. ಎಕ್ಸಲರೇಟರ್ ಕೇಬಲ್ ಅಂಟಿಕೊಂಡು ಇಂಜಿನ್ ನಿಧಾನಕ್ಕೆ ಇಳಿದರೂ ಎರಡು–ಮೂರರ ನಡುವೆ ಕರ್ರ್ ಬರುತ್ತದೆ.

ಕಾಲಿನ ಕಡೆ ಬನ್ನಿ. ಬೈಕ್ ಯಾವಾಗಲಾದರೂ ಎಡಕ್ಕೆ ಬಿದ್ದಿತ್ತೇ? ಗೇರ್ ಲಿವರ್ ಬಾಗಿ ಇಂಜಿನ್ ಕವರ್‌ಗೆ ತಾಗುತ್ತಿರಬಹುದು, ಅಥವಾ ಅದರ ಶಾಫ್ಟ್ ಸ್ವಲ್ಪ ಬಾಗಿರಬಹುದು. ಲಿವರ್ ಅನ್ನು ಶಾಫ್ಟ್‌ಗೆ ಹಿಡಿದಿರುವ ಸಣ್ಣ ಬೋಲ್ಟ್ ಸಡಿಲವಾದರೆ ಹಲ್ಲುಗಳು ಸವೆದು, ಕಾಲು ಒತ್ತಿದ್ದು ಅರ್ಧ ಗಾಳಿಗೆ ಹೋಗುತ್ತದೆ. ಲಿಂಕ್ ರಾಡ್ ಇರುವ ಬೈಕ್ ಆದರೆ ಅದರ ಗುಂಡು ಕೀಲುಗಳಲ್ಲಿ ಧೂಳು, ತುಕ್ಕು. ತೊಳೆದು ಗ್ರೀಸ್ ಹಾಕಿ. ಮುಂದಿನ ಸ್ಪ್ರಾಕೆಟ್ ಕವರ್ ಬಿಚ್ಚಿದರೆ ವರ್ಷಗಟ್ಟಲೆಯ ಚೈನ್ ಜಿಡ್ಡು, ಮಣ್ಣು ಸೇರಿ ಗಟ್ಟಿ ಉಂಡೆಯಾಗಿರುತ್ತದೆ. ಲಿವರ್ ಒತ್ತಿದ ಮೇಲೆ ತನ್ನ ಜಾಗಕ್ಕೆ ಟಕ್ಕನೆ ವಾಪಸ್ ಬರದಿದ್ದರೆ ಮೊದಲು ಇದನ್ನೇ ಕೆರೆದು ತೆಗೆಯಿರಿ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಆಗ ಕ್ಲಚ್ ಕವರ್ ಬಿಚ್ಚಿಸಿ. ಗಮನಿಸಿ, ಕ್ಲಚ್ ಕವರ್ ಬಿಚ್ಚುವುದೇ ಬೇರೆ, ಗೇರ್‌ಬಾಕ್ಸ್ ಬಿಚ್ಚುವುದೇ ಬೇರೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಆಯಿಲ್ ಇಳಿಸಿ, ಬದಿಯ ಕವರ್ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿದರೆ ಆಯಿತು. ಎರಡನೆಯದಕ್ಕೆ ಬಹುಪಾಲು ಬೈಕ್‌ಗಳಲ್ಲಿ ಇಂಜಿನ್ನನ್ನೇ ಕೆಳಗಿಳಿಸಿ ಎರಡು ಹೋಳು ಮಾಡಬೇಕು. ನಿಮ್ಮ ಮೆಕ್ಯಾನಿಕ್ ಯಾವುದನ್ನು ಹೇಳಿದರು ಎಂದು ಕೇಳಿಕೊಳ್ಳಿ. ಮಾತಿನಲ್ಲಿ ಎರಡನ್ನೂ ‘ಗೇರ್‌ಬಾಕ್ಸ್ ಕೆಲಸ’ ಎಂದುಬಿಡುವವರಿದ್ದಾರೆ.

ಕವರ್ ಬಿಚ್ಚಿದಾಗ ಮೂರು ಕಡೆ ಕಣ್ಣಿಡಿ. ಸ್ಟೀಲ್ ಪ್ಲೇಟ್‌ಗಳನ್ನು ದಪ್ಪ ಗಾಜಿನ ಮೇಲಿಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿದರೆ ಬಾಗಿದ್ದು ಗೊತ್ತಾಗುತ್ತದೆ. ನೀಲಿಗಟ್ಟಿದ್ದರೆ ಅದು ಬಿಸಿ ತಿಂದಿದೆ. ಪ್ಲೇಟ್‌ಗಳು ಕೂರುವ ಬಟ್ಟಲಿನಂಥ ಭಾಗದ ಕಾಲುಗಳಲ್ಲಿ ಪ್ಲೇಟ್ ಬಡಿದು ಬಡಿದು ಕಚ್ಚು ಬಿದ್ದಿರುತ್ತದೆ. ಒತ್ತಿದಾಗ ಪ್ಲೇಟ್‌ಗಳು ಆ ಕಚ್ಚಿನಲ್ಲಿ ಸಿಕ್ಕಿ ಸರಿಯುವುದೇ ಇಲ್ಲ. ಸಣ್ಣ ಕಚ್ಚನ್ನು ಅರದಿಂದ ನಯ ಮಾಡಬಹುದು, ಆಳವಾಗಿದ್ದರೆ ಬಟ್ಟಲನ್ನೇ ಬದಲಿಸಬೇಕು. ಇದನ್ನು ನೋಡದೆ ಬರೀ ಪ್ಲೇಟ್ ಬದಲಿಸಿ ಕಳಿಸಿದರೆ ತೊಂದರೆ ಹಾಗೇ ಉಳಿಯುತ್ತದೆ. ಮೂರನೆಯದು, ಎಷ್ಟೋ ಬೈಕ್‌ಗಳಲ್ಲಿ ಕ್ಲಚ್‌ನ ಹಿಂದೆಯೇ ಗೇರ್ ಶಾಫ್ಟ್‌ನ ವಾಪಸ್ ಸ್ಪ್ರಿಂಗ್ ಮತ್ತು ನಕ್ಷತ್ರದಂಥ ಚಕ್ರಕ್ಕೆ ಒತ್ತಿ ನಿಲ್ಲುವ ಸಣ್ಣ ರೋಲರ್ ಇರುತ್ತವೆ. ಸ್ಪ್ರಿಂಗ್ ಸೋತಿದ್ದರೆ ಗೇರ್ ನಡುವೆ ತೂಗಾಡುತ್ತದೆ. ಇವನ್ನು ಬದಲಿಸಲೂ ಇಂಜಿನ್ ಹೋಳು ಮಾಡಬೇಕಿಲ್ಲ.

ಹೊಸ ಫ್ರಿಕ್ಷನ್ ಪ್ಲೇಟ್ ಹಾಕುವ ಮೊದಲು ಅವನ್ನು ಇಂಜಿನ್ ಆಯಿಲ್‌ನಲ್ಲಿ ನೆನೆಸಿಡಲಿ. ಸ್ಪ್ರಿಂಗ್ ಬೋಲ್ಟ್‌ಗಳನ್ನು ಒಂದಾದ ಮೇಲೆ ಎದುರಿನದು ಎಂಬಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡಲಿ. ಒಂದೇ ಕಡೆ ಬಿಗಿದರೆ ಪ್ರೆಶರ್ ಪ್ಲೇಟ್ ಓರೆಯಾಗಿ ಏಳುತ್ತದೆ, ಮತ್ತೆ ಅದೇ ಕಥೆ.

ಹಾಗಾದರೆ ಗೇರ್‌ಬಾಕ್ಸ್ ನಿಜವಾಗಿ ಕೆಟ್ಟಾಗ ಹೇಗಿರುತ್ತದೆ? ಅದು ಒಂದೇ ಗೇರ್‌ನಲ್ಲಿ ಹಟ ಹಿಡಿಯುತ್ತದೆ. ಎಕ್ಸಲರೇಟರ್ ಕೊಟ್ಟ ಕೂಡಲೇ ಎರಡನೇ ಗೇರ್ ಮಾತ್ರ ಕಳಚಿ ನ್ಯೂಟ್ರಲ್‌ಗೆ ಬರುತ್ತದೆ, ಉಳಿದವು ಚೆನ್ನಾಗಿರುತ್ತವೆ. ಇದು ಡಾಗ್ ದುಂಡಗಾದ ಲಕ್ಷಣ, ಇಲ್ಲವೇ ಗೇರನ್ನು ಪಕ್ಕಕ್ಕೆ ಸರಿಸುವ ಒಳಗಿನ ಫೋರ್ಕ್ ಬಾಗಿದೆ. ಇಂಜಿನ್ ಆಫ್ ಇದ್ದಾಗಲೂ, ಬೈಕನ್ನು ಹಿಂದೆ ಮುಂದೆ ತಳ್ಳುತ್ತಾ ನೋಡಿದರೂ ಒಂದು ಗೇರ್ ಬೀಳದಿದ್ದರೆ ಅನುಮಾನ ಬೇಡ, ತೊಂದರೆ ಒಳಗೇ ಇದೆ. ಇಳಿಸಿದ ಆಯಿಲ್‌ನಲ್ಲಿ, ಆಯಿಲ್ ಇಳಿಸಲು ಬಿಚ್ಚುವ ಮ್ಯಾಗ್ನೆಟ್ ಇರುವ ಬೋಲ್ಟ್ ತುದಿಯಲ್ಲಿ ಬೂದು ಬಣ್ಣದ ನುಣುಪು ಲೇಪ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ ಬೈಕ್ ಓಡಿಸುವುದನ್ನು ನಿಲ್ಲಿಸಿ. ನೀವು ಹೇಳಿದ್ದರಲ್ಲಿ ಇವ್ಯಾವುವೂ ಇಲ್ಲ. ಎರಡರಿಂದ ಮೂರರ ಕರ್ರ್ ಮಾತ್ರ ಸ್ವಲ್ಪ ಚಿಂತೆಗೆ ಹಚ್ಚುತ್ತದೆ. ಕ್ಲಚ್ ಸರಿಯಾದ ಮೇಲೂ ಅದೊಂದು ಉಳಿದರೆ ಆಗ ಮಾತಾಡೋಣ.

ಓಡಿಸುವ ರೀತಿಯದ್ದೂ ಒಂದು ಪಾಲಿದೆ, ಬೇಜಾರು ಮಾಡಿಕೊಳ್ಳಬೇಡಿ. ಕ್ಲಚ್ ಅರ್ಧ ಒತ್ತಿ ಗೇರ್ ಹಾಕುವುದು, ಲಿವರ್ ಮೇಲೆ ಯಾವಾಗಲೂ ಕಾಲಿಟ್ಟುಕೊಂಡೇ ಓಡಿಸುವುದು, ಹೆದರಿ ಹೆದರಿ ನಿಧಾನಕ್ಕೆ ಲಿವರ್ ಎತ್ತುವುದು, ಮೂರೂ ಡಾಗ್ ಮತ್ತು ಫೋರ್ಕ್ ಸವೆಸುತ್ತವೆ. ಎಕ್ಸಲರೇಟರ್ ಬಿಡುವುದು, ಕ್ಲಚ್ ಒತ್ತುವುದು, ಲಿವರ್ ಎತ್ತುವುದು ಒಂದೇ ಉಸಿರಿನಲ್ಲಿ ಆಗಬೇಕು. ಲಿವರನ್ನು ಒದೆಯಬೇಡಿ, ಆದರೆ ಕೊನೆಯವರೆಗೂ ಒಯ್ಯಿರಿ. ಬೆಳಿಗ್ಗೆ ಮೊದಲ ಸಲ ಗೇರ್ ಹಾಕುವಾಗ ಕ್ಲಚ್ ಒತ್ತಿ ಮೂರ್ನಾಲ್ಕು ಸೆಕೆಂಡ್ ಕಾಯಿರಿ. ರಾತ್ರಿಯಿಡೀ ಅಂಟಿಕೊಂಡ ಪ್ಲೇಟ್‌ಗಳು ಬಿಡಿಸಿಕೊಳ್ಳಲು ಅಷ್ಟು ಸಮಯ ಬೇಕು. ಆಗ ಒಂದು ‘ಟಕ್’ ಬಂದರೂ ತಲೆ ಕೆಡಿಸಿಕೊಳ್ಳಬೇಡಿ. ಸಿಗ್ನಲ್‌ನಲ್ಲಿ ಪೂರ್ತಿ ನಿಂತ ಮೇಲೆ ನ್ಯೂಟ್ರಲ್ ಹುಡುಕುವ ಬದಲು, ಬೈಕ್ ಇನ್ನೂ ಮೆಲ್ಲಗೆ ಉರುಳುತ್ತಿರುವಾಗಲೇ ಹಾಕಿ ನೋಡಿ.

ಈ ವಾರ ನೀವು ಮಾಡಬೇಕಾದ್ದು ಇಷ್ಟು. ಮೊದಲು ಸ್ಟ್ಯಾಂಡ್ ಮೇಲಿನ ಬ್ರೇಕ್ ಪರೀಕ್ಷೆ. ನಂತರ ಕೇಬಲ್ ಪ್ಲೇ, ಬೇಕಿದ್ದರೆ ಹೊಸ ಕೇಬಲ್. ಅದನ್ನು ಸರಿಮಾಡಿ ಎರಡು ದಿನ ಓಡಿಸಿ, ಆಮೇಲೆ ಆಯಿಲ್ ಬದಲಿಸಿ. ಎರಡನ್ನೂ ಒಂದೇ ದಿನ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಆಯಿಲ್ ಇಳಿಸುವಾಗ ನೀವೇ ಎದುರಿಗೆ ನಿಂತು ಆ ಬೋಲ್ಟ್‌ನ ತುದಿಯನ್ನು ಬೆರಳಲ್ಲಿ ಸವರಿ ನೋಡಿ. ಅಲ್ಲಿ ಏನು ಸಿಕ್ಕಿತು, ಬ್ರೇಕ್ ಹಿಡಿದಾಗ ಇಂಜಿನ್ ಏನು ಮಾಡಿತು, ಎರಡನ್ನೂ ಬರೆದು ತಿಳಿಸಿ.